ಉರಿಯೂತವಿರುವ ಮಗುವಿನ ಕಣ್ಣಿಗೆ ಪೊರೆ ಆಪರೇಷನ್: ಮನೆಯವರು ತಿಳಿದಿರಬೇಕಾದ್ದು

"ಅಜ್ಜಿಗೆ ಪೊರೆ ತೆಗೆದು ಸಂಜೆಗೆಲ್ಲ ಮನೆಗೆ ಕಳಿಸಿದರು. ಮಗುವಿಗೆ ಮಾತ್ರ ಮೂರು ತಿಂಗಳು ಕಾಯಿರಿ ಅಂತಾರಲ್ಲ, ಯಾಕೆ?" ಮೈಸೂರು, ಮಂಡ್ಯ ಕಡೆಯ ತಂದೆತಾಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೆರಡು ಬರುತ್ತವೆ. "ಕಣ್ಣು ಕೆಂಪಾಗಿಲ್ಲ, ನೋವಿಲ್ಲ, ಉರಿಯೂತ ಎಲ್ಲಿಂದ ಬಂತು?" "ಒಳಗೆ ಲೆನ್ಸ್ ಇಡಲ್ಲ ಅಂತಾರೆ, ದುಡ್ಡಿನ ಲೆಕ್ಕವಾ?"

ಮೂರಕ್ಕೂ ಉತ್ತರ ಒಂದೇ ಕಡೆ ಇದೆ. ಅಜ್ಜಿಯ ಪೊರೆ ವಯಸ್ಸಿನಿಂದ ಬಂದದ್ದು. ಮಸೂರ, ಅಂದರೆ ಕಣ್ಣೊಳಗೆ ಹುಟ್ಟಿನಿಂದ ಇರುವ ಲೆನ್ಸ್, ಮಂಜಾಗಿರುತ್ತದೆ, ಉಳಿದ ಕಣ್ಣು ಹೆಚ್ಚುಕಡಿಮೆ ಚೆನ್ನಾಗಿರುತ್ತದೆ. ಮಗುವಿನ ಪೊರೆ ಕಣ್ಣೊಳಗಿನ ಕಾಯಿಲೆಯಿಂದಲೂ ಅದಕ್ಕೆ ಹಾಕಿದ ಸ್ಟಿರಾಯ್ಡ್‌ನಿಂದಲೂ ಬಂದದ್ದು. ಪೊರೆ ತೆಗೆದರೂ ಕಾಯಿಲೆ ಹೋಗುವುದಿಲ್ಲ. ಕಾಯಿಲೆ ಏರಿರುವಾಗ ಕಣ್ಣಿಗೆ ಕತ್ತರಿ ಹಾಕಿದರೆ ಒಳಗೆಲ್ಲ ಅಂಟಿನಂತೆ ಪದರ ಕಟ್ಟುತ್ತದೆ, ಒತ್ತಡ ವಿಪರೀತ ಏರುತ್ತದೆ ಅಥವಾ ವಿಪರೀತ ಇಳಿಯುತ್ತದೆ, ಕೆಲವೊಮ್ಮೆ ಗುಡ್ಡೆಯೇ ಕುಗ್ಗುತ್ತದೆ. ಆದ್ದರಿಂದ ಆಪರೇಷನ್ ದಿನವನ್ನು ಬೇಸಿಗೆ ರಜೆಯಾಗಲಿ, ಪೊರೆ ಎಷ್ಟು ಬೆಳ್ಳಗಿದೆ ಅನ್ನುವುದಾಗಲಿ ತೀರ್ಮಾನಿಸುವುದಿಲ್ಲ. ಕಣ್ಣು ಎಷ್ಟು ದಿನದಿಂದ ಶಾಂತವಾಗಿದೆ ಅನ್ನುವುದು ತೀರ್ಮಾನಿಸುತ್ತದೆ.

ಕೆಳಗೆ ಬರೆದಿರುವ ಔಷಧಿ ಪ್ರಮಾಣಗಳು ನಿಮ್ಮ ಚೀಟಿಯಲ್ಲಿ ಏನಿದೆ ಅಂತ ನಿಮಗೆ ಅರ್ಥವಾಗಲಿ ಅಂತ. ಇದನ್ನು ಓದಿ ಮನೆಯಲ್ಲಿ ಪ್ರಮಾಣ ಬದಲಿಸಬೇಡಿ.

ಹಂತ 1: ಕಾಯಿಲೆಗೆ ಹೆಸರು ಸಿಗಲಿ

ಕಣ್ಣುಗುಡ್ಡೆಯ ನಡುಪದರಕ್ಕೆ ಉರಿಯೂತ ಬಂದರೆ ಅದು ಯುವಿಯೈಟಿಸ್. ಮಕ್ಕಳಲ್ಲಿ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಜೆಐಎ, ಅಂದರೆ ಮಕ್ಕಳ ಕೀಲುವಾತ: 16 ವರ್ಷದೊಳಗೆ ಶುರುವಾಗಿ ಆರು ವಾರಕ್ಕೂ ಹೆಚ್ಚು ಉಳಿಯುವ ಕೀಲು ಊತ. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಕೀಲು ಊದಿರುವ, ಏಳು ವರ್ಷದೊಳಗೇ ಕಾಯಿಲೆ ಶುರುವಾದ, ರಕ್ತದಲ್ಲಿ ಎಎನ್‌ಎ ಅನ್ನುವ ಪ್ರತಿಕಾಯ ಪಾಸಿಟಿವ್ ಬಂದ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಕಣ್ಣಿಗೆ ತಗುಲುವ ಅಪಾಯ ಹೆಚ್ಚು. ಇವರ ಕಣ್ಣು ಬೂದಿ ಮುಚ್ಚಿದ ಕೆಂಡ. ಮೇಲೆ ಬೆಳ್ಳಗೆ ಇರುತ್ತದೆ, ಮಗು ಆಡಿಕೊಂಡೇ ಇರುತ್ತದೆ, ಒಳಗೆ ಸುಡುತ್ತಿರುತ್ತದೆ. ಹಾಗಾಗಿಯೇ ಮಂಡಿ ಊದಿದ ಮಗುವಿಗೆ ಮೂರು ತಿಂಗಳಿಗೊಮ್ಮೆ ಕಣ್ಣು ತೋರಿಸಿ ಅನ್ನುವುದು. ಎಷ್ಟೋ ಮನೆಯಲ್ಲಿ ಪಾಪೆ ಬೆಳ್ಳಗೆ ಕಂಡಾಗಲೋ, ಮಗು ಬೋರ್ಡು ಕಾಣಲ್ಲ ಅಂದಾಗಲೋ ಮೊದಲ ಸಲ ಗೊತ್ತಾಗುತ್ತದೆ.

ಬೇರೆ ಕಾರಣಗಳೂ ಇವೆ, ಅವನ್ನು ತಳ್ಳಿಹಾಕಿದ ಮೇಲೇ ಮುಂದಿನ ಮಾತು. ಕ್ಷಯಕ್ಕೆ ಮಾಂಟೂ ಪರೀಕ್ಷೆ ಅಥವಾ ಇಗ್ರಾ ರಕ್ತಪರೀಕ್ಷೆ, ಜೊತೆಗೆ ಎದೆಯ ಎಕ್ಸ್‌ರೇ. ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿಯ ಸೋಂಕಿಗೆ ರಕ್ತಪರೀಕ್ಷೆ. ಗದ್ದೆ ಬಯಲಿನ ಮಕ್ಕಳಾದರೆ ಇಲಿಜ್ವರದ ವಿಚಾರವನ್ನೂ ವೈದ್ಯರಿಗೆ ಹೇಳಿ. ಜ್ವರ ಬಂದು ಹೋಗಿ ವಾರಗಳೋ ತಿಂಗಳುಗಳೋ ಆದ ಮೇಲೆ ಕಣ್ಣಿಗೆ ಬರುವ ಉರಿಯೂತದಲ್ಲಿ ಪೊರೆ ಬಹಳ ಬೇಗ ಬಲಿಯುವುದುಂಟು. ಕೆರೆಕಟ್ಟೆಯಲ್ಲಿ ಈಜುವ ಮಕ್ಕಳ ಕಣ್ಣಲ್ಲಿ ಸಣ್ಣ ಬಿಳಿ ಗಂಟು ಕಂಡರೆ ಅದರ ದಾರಿಯೇ ಬೇರೆ. ಕಾರಣ ಬೇರೆಯಾದರೆ ಔಷಧಿ ಬೇರೆ.

ಇಲ್ಲಿ ಎಡವುವುದು ಒಂದೇ ಕಡೆ: ಮಂಡಿಗೆ ಒಬ್ಬ ಡಾಕ್ಟರು, ಕಣ್ಣಿಗೆ ಇನ್ನೊಬ್ಬರು, ಒಬ್ಬರ ಚೀಟಿ ಇನ್ನೊಬ್ಬರಿಗೆ ಗೊತ್ತಿಲ್ಲ. ಒಂದೇ ಫೈಲ್ ಮಾಡಿ. ಮೊದಲ ಪುಟದಲ್ಲಿ ಮಗುವಿನ ತೂಕ, ನಡೆಯುತ್ತಿರುವ ಎಲ್ಲ ಔಷಧಿ, ಪ್ರತಿ ಭೇಟಿಯ ಕಣ್ಣಿನ ಒತ್ತಡ, ಪ್ರತಿ ಭೇಟಿಯ ಸೆಲ್ ಗ್ರೇಡ್ ಬರೆದಿಡಿ. ಸೆಲ್ ಗ್ರೇಡ್ ಅಂದರೇನು ಅಂತ ಮುಂದೆ ಇದೆ.

ಹಂತ 2: ಕಣ್ಣನ್ನು ಶಾಂತ ಮಾಡುವುದು

ಎಲ್ಲಕ್ಕಿಂತ ಉದ್ದದ ಹಂತ ಇದು. ಆಪರೇಷನ್ ಫಲ ಬಹುಪಾಲು ಇಲ್ಲೇ ನಿಂತಿದೆ.

ಹೆಂಚಿನ ಸಂದಿಯಿಂದ ಕತ್ತಲೆ ಕೋಣೆಗೆ ಬಿಸಿಲುಕೋಲು ಬಿದ್ದಾಗ ಧೂಳಿನ ಕಣ ತೇಲುವುದು ಕಾಣುತ್ತದಲ್ಲ, ಸ್ಲಿಟ್ ಲ್ಯಾಂಪ್ ಮಾಡುವುದು ಅದನ್ನೇ. ಕಣ್ಣಿನ ಮುಂಭಾಗದ ತಿಳಿನೀರಿಗೆ ಸಣ್ಣ ಬೆಳಕಿನ ಕೋಲು ಬಿಟ್ಟು, ಅದರಲ್ಲಿ ತೇಲುವ ಉರಿಯೂತದ ಕಣಗಳನ್ನು ಎಣಿಸುತ್ತಾರೆ. ಬೆಳಕಿನ ಅಗಲ 1 ಮಿ.ಮೀ., ಎತ್ತರ 1 ಮಿ.ಮೀ. ಆ ಚೌಕದಲ್ಲಿ ಒಂದೂ ಕಣ ಇಲ್ಲದಿದ್ದರೆ ಗ್ರೇಡ್ 0. 1ರಿಂದ 5 ಕಣ ಇದ್ದರೆ 0.5+, 6ರಿಂದ 15ಕ್ಕೆ 1+, 16ರಿಂದ 25ಕ್ಕೆ 2+, 26ರಿಂದ 50ಕ್ಕೆ 3+, ಅದಕ್ಕೂ ಮೇಲೆ 4+. ಈ ಅಳತೆ 2005ರಿಂದ ಎಲ್ಲ ಕಡೆ ಒಂದೇ. ಆದ್ದರಿಂದ ಮೈಸೂರಿನಲ್ಲಿ ಬರೆದ ಗ್ರೇಡ್ ಬೆಂಗಳೂರಿನ ಡಾಕ್ಟರಿಗೂ ಅರ್ಥವಾಗುತ್ತದೆ. ಚೀಟಿಯಲ್ಲಿ ಇದನ್ನು ಬರೆದಿಲ್ಲವಾದರೆ ಕೇಳಿ ಬರೆಸಿಕೊಳ್ಳಿ. "ಪರವಾಗಿಲ್ಲ, ಕಮ್ಮಿ ಇದೆ" ಅನ್ನುವ ಮಾತು ಮುಂದಿನ ಡಾಕ್ಟರಿಗೆ ಉಪಯೋಗಕ್ಕೆ ಬರುವುದಿಲ್ಲ.

ಗುರಿ ಗ್ರೇಡ್ 0. ಅದೂ ಕನಿಷ್ಠ ಮೂರು ತಿಂಗಳು ಎಡೆಬಿಡದೆ. ನಡುವೆ ಒಂದು ಸಲ 1+ ಬಂದರೂ ಎಣಿಕೆ ಮೊದಲಿನಿಂದ ಶುರು. ಬೇಸರವಾಗುತ್ತದೆ, ಆದರೂ ಈ ಲೆಕ್ಕದಲ್ಲಿ ರಾಜಿ ಬೇಡ.

ಡ್ರಾಪ್ಸ್: ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ಅಸಿಟೇಟ್ 1% ಅನ್ನುವ ಸ್ಟಿರಾಯ್ಡ್ ಹನಿ. ಇದು ನೀರಿನಲ್ಲಿ ಕರಗಿದ ಔಷಧಿಯಲ್ಲ, ನೀರಿನಲ್ಲಿ ತೇಲುವ ಪುಡಿ. ಬಾಟಲಿ ನಿಲ್ಲಿಸಿಟ್ಟರೆ ಬಿಳಿ ಪುಡಿ ತಳ ಸೇರುತ್ತದೆ. ಅಲ್ಲಾಡಿಸದೆ ಹಾಕಿದರೆ ಮಗುವಿನ ಕಣ್ಣಿಗೆ ಬೀಳುವುದು ಬರೀ ತಿಳಿನೀರು. ಪ್ರತಿ ಸಲ ಹತ್ತು ಎಣಿಸುವಷ್ಟು ಹೊತ್ತು ಚೆನ್ನಾಗಿ ಕುಲುಕಿ. ಔಷಧಿ ಹಾಕುತ್ತಲೇ ಇದ್ದೀವಿ, ಕಡಿಮೆಯೇ ಆಗುತ್ತಿಲ್ಲ ಅನ್ನುವವರು ಮೊದಲು ಇದನ್ನು ನೋಡಿಕೊಳ್ಳಿ. ಪಾಪೆ ಹಿಗ್ಗಿಸುವ ಹೋಮಟ್ರೋಪಿನ್ ಅಥವಾ ಅಟ್ರೋಪಿನ್ ಸಹ ಕೊಡುತ್ತಾರೆ. ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಅಂಟಿಕೊಳ್ಳದಿರಲಿ ಅಂತ ಅದು. ಅಟ್ರೋಪಿನ್ ಹಾಕಿದ ಮೇಲೆ ಮುಖ ಕೆಂಪಾಗಿ, ಬಾಯಿ ಒಣಗಿ, ಮೈ ಬಿಸಿಯಾಗಿ, ಎದೆ ಜೋರಾಗಿ ಬಡಿದುಕೊಂಡರೆ ನಿಲ್ಲಿಸಿ, ಕೂಡಲೇ ಡಾಕ್ಟರಿಗೆ ಹೇಳಿ.

ಸ್ಟಿರಾಯ್ಡ್ ಹನಿಯೇ ದಾರಿ ಅಂದುಕೊಳ್ಳಬಾರದು. ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ತಿಂಗಳುಗಟ್ಟಲೆ ಹಾಕಿದರೆ ಪೊರೆ ಬೆಳೆಯುವ ಅಪಾಯ ಹೆಚ್ಚುತ್ತದೆ, ಒತ್ತಡವೂ ಏರಬಹುದು. ಆದ್ದರಿಂದಲೇ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿ ಉರಿಯೂತವನ್ನು ಹಿಡಿತದಲ್ಲಿಡುವ ಮೆಥೊಟ್ರೆಕ್ಸೇಟ್ ಶುರು ಮಾಡುತ್ತಾರೆ.

ಮೆಥೊಟ್ರೆಕ್ಸೇಟ್: ವಾರಕ್ಕೆ ಒಂದೇ ದಿನ. ಮೈಯ ಮೇಲ್ಮೈ ಅಳತೆಯ ಪ್ರತಿ ಚದರ ಮೀಟರಿಗೆ ಸುಮಾರು 10ರಿಂದ 15 ಮಿ.ಗ್ರಾಂ. ಮೈಯಳತೆ 0.8 ಚ.ಮೀ. ಇರುವ ಮಗುವಿಗೆ 10 ಮಿ.ಗ್ರಾಂ. ಬರೆದರೆ, 2.5 ಮಿ.ಗ್ರಾಂ. ಮಾತ್ರೆ ನಾಲ್ಕು, ವಾರಕ್ಕೊಮ್ಮೆ. ತಪ್ಪಿ ದಿನಾ ಕೊಟ್ಟರೆ ಪ್ರಾಣಕ್ಕೇ ಕುತ್ತು: ಬಾಯಿ ಹುಣ್ಣಾಗುತ್ತದೆ, ರಕ್ತದ ಕಣಗಳು ಕುಸಿಯುತ್ತವೆ. ಕ್ಯಾಲೆಂಡರಿನಲ್ಲಿ ವಾರದ ಒಂದು ದಿನ ಗೊತ್ತು ಮಾಡಿ, ಸೋಮವಾರವೋ ಭಾನುವಾರವೋ, ಕೊಟ್ಟ ಕೂಡಲೇ ಗುರುತು ಹಾಕಿ. ಮನೆಯಲ್ಲಿ ಔಷಧಿ ಕೊಡುವವರು ಒಬ್ಬರೇ ಇರಲಿ. ಇದೇ ಮಾತ್ರೆ 10 ಮಿ.ಗ್ರಾಂ.ನಲ್ಲೂ ಬರುತ್ತದೆ, ಪ್ರತಿ ಸಲ ಸ್ಟ್ರಿಪ್ ಮೇಲಿನ ಅಂಕಿ ಓದಿ. ಫೋಲಿಕ್ ಆಸಿಡ್ ಬೇರೆ ದಿನ ಕೊಡುವುದು ರೂಢಿ. ರಕ್ತದ ಕಣ ಮತ್ತು ಲಿವರ್ ಪರೀಕ್ಷೆ ಒಂದರಿಂದ ಮೂರು ತಿಂಗಳಿಗೊಮ್ಮೆ ಆಗಬೇಕು. ಇದು ಕೆಲಸ ಮಾಡಲು ಎರಡು ಮೂರು ತಿಂಗಳು ಹಿಡಿಯುತ್ತದೆ. "ಒಂದು ತಿಂಗಳು ಕೊಟ್ವಿ, ಏನೂ ಆಗಲಿಲ್ಲ" ಅಂತ ಬಿಡಬೇಡಿ.

ಅಡಾಲಿಮುಮ್ಯಾಬ್: ಮೆಥೊಟ್ರೆಕ್ಸೇಟ್ ಸಾಲದೆ ಹೋದರೆ ಈ ಚುಚ್ಚುಮದ್ದು. 30 ಕೆ.ಜಿ.ಗಿಂತ ಕಡಿಮೆ ಇದ್ದರೆ 20 ಮಿ.ಗ್ರಾಂ., 30 ಅಥವಾ ಮೇಲಿದ್ದರೆ 40 ಮಿ.ಗ್ರಾಂ., ಎರಡು ವಾರಕ್ಕೊಮ್ಮೆ ಚರ್ಮದಡಿ. ಮೆಥೊಟ್ರೆಕ್ಸೇಟ್ ಒಂದೇ ಕೊಡುವುದಕ್ಕಿಂತ ಎರಡೂ ಜೊತೆಗೆ ಕೊಟ್ಟಾಗ ಕಣ್ಣು ಹೆಚ್ಚು ಕಾಲ ಶಾಂತವಾಗಿರುತ್ತದೆ ಅನ್ನುವುದು 2017ರಲ್ಲಿ ಪ್ರಕಟವಾದ ಸಿಕಮೋರ್ ಅಧ್ಯಯನದಲ್ಲಿ ಸ್ಪಷ್ಟವಾಯಿತು. ಶುರು ಮಾಡುವ ಮೊದಲು ಕ್ಷಯದ ಪರೀಕ್ಷೆ ಆಗಲೇಬೇಕು. ಮೈಯಲ್ಲಿ ಮಲಗಿರುವ ಕ್ಷಯವನ್ನು ಈ ಔಷಧಿ ಎಬ್ಬಿಸಬಲ್ಲದು. ಇಡುವುದು 2ರಿಂದ 8 ಡಿಗ್ರಿಯಲ್ಲಿ, ಅಂದರೆ ಫ್ರಿಡ್ಜಿನ ನಡು ತಟ್ಟೆಯಲ್ಲಿ. ಮೇಲಿನ ಮಂಜುಗಡ್ಡೆ ಪೆಟ್ಟಿಗೆಯಲ್ಲಿ ಇಡಬಾರದು. ಮೈಸೂರಿನಲ್ಲಿ ಕೊಂಡು ನಾಗಮಂಗಲಕ್ಕೋ ಕೆ.ಆರ್. ಪೇಟೆಗೋ ಬಸ್ಸಿನಲ್ಲಿ ಒಯ್ಯುವಾಗ ಥರ್ಮಾಕೋಲ್ ಡಬ್ಬ, ಐಸ್ ಪ್ಯಾಕ್ ಬೇಕು. ಪ್ಯಾಕಿಗೂ ಔಷಧಿಗೂ ನಡುವೆ ಬಟ್ಟೆ ಇರಲಿ, ಹೆಪ್ಪುಗಟ್ಟಿದರೆ ಅದು ಕೆಟ್ಟಂತೆಯೇ.

ಈ ಔಷಧಿಗಳ ಮೇಲಿರುವ ಮಗುವಿಗೆ ಜೀವಂತ ಲಸಿಕೆಗಳನ್ನು ಡಾಕ್ಟರನ್ನು ಕೇಳದೆ ಹಾಕಿಸಬೇಡಿ. ದಡಾರ ಮತ್ತು ರುಬೆಲ್ಲಾ ಲಸಿಕೆ, ಬಾಯಿಗೆ ಹಾಕುವ ಪೋಲಿಯೊ ಹನಿ, ಚಿಕನ್ ಪಾಕ್ಸ್ ಲಸಿಕೆ ಇವೆಲ್ಲ ಆ ಗುಂಪಿನವು. ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿಡಿ. ಅಕ್ಕಪಕ್ಕದಲ್ಲಿ ಯಾವ ಮಗುವಿಗಾದರೂ "ಅಮ್ಮ" ಎದ್ದಿದ್ದರೆ, ಅಂದರೆ ಚಿಕನ್ ಪಾಕ್ಸ್ ಬಂದಿದ್ದರೆ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಇನ್ನು ಮನೆಮದ್ದು. ನಂದಿಬಟ್ಟಲ ಹೂವಿನ ರಸ, ಹರಳೆಣ್ಣೆ, ಜೇನುತುಪ್ಪ, ಎದೆಹಾಲು ಯಾವುದನ್ನೂ ಈ ಕಣ್ಣಿಗೆ ಬಿಡಬೇಡಿ. ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ರೋಗನಿರೋಧಕ ಶಕ್ತಿಯನ್ನು ಔಷಧಿಯಿಂದ ತಗ್ಗಿಸಿರುವ ಮಗುವಿನ ಕಣ್ಣಿಗೆ ಸೋಂಕು ತಗುಲಿದರೆ ಉಳಿಸಿಕೊಳ್ಳುವುದು ಕಷ್ಟ.

ಹಂತ 3: ಎಷ್ಟು ಕಾಯುವುದು, ಯಾವಾಗ ಕಾಯಬಾರದು

ಮಗುವಿನ ಮಿದುಳು ನೋಡುವುದನ್ನು ಕಲಿಯುವುದು ಸುಮಾರು ಎಂಟು ವರ್ಷದವರೆಗೆ. ಅಷ್ಟರಲ್ಲಿ ಒಂದು ಕಣ್ಣಿಂದ ಮಂಜು ಚಿತ್ರವೇ ಬರುತ್ತಿದ್ದರೆ ಮಿದುಳು ಆ ಕಣ್ಣನ್ನು ಕೈಬಿಡುತ್ತದೆ. ಇದಕ್ಕೆ ಸೋಮಾರಿ ಕಣ್ಣು ಅನ್ನುತ್ತಾರೆ. ಹಾಗಾಗಿ ಎರಡು ಕಡೆಯಿಂದಲೂ ಎಳೆತ ಇದೆ: ಬೇಗ ಮಾಡಿದರೆ ಉರಿಯೂತ, ತಡ ಮಾಡಿದರೆ ಸೋಮಾರಿ ಕಣ್ಣು. ನಾಲ್ಕು ವರ್ಷದ ಮಗುವಿಗೆ ಒಂದೇ ಕಣ್ಣಲ್ಲಿ ದಟ್ಟ ಪೊರೆ ಇದ್ದರೆ ಔಷಧಿಯನ್ನು ಬೇಗ ಬೇಗ ಏರಿಸಿ ಮೂರು ತಿಂಗಳ ಶಾಂತಿ ಸಿಕ್ಕ ಕೂಡಲೇ ಮಾಡುತ್ತಾರೆ. ಹನ್ನೆರಡು ವರ್ಷದ ಮಗುವಿಗೆ ಇನ್ನೂ ಕಾಯಬಹುದು.

ಮೂರು ತಿಂಗಳಿಗೆ ಕಾಯದೆ ಮಾಡಬೇಕಾದ ಸಂದರ್ಭವೂ ಉಂಟು. ಬಲಿತ ಮಸೂರವೇ ಒಡೆದು ಅದರ ಸಾರ ಸೋರಿ ಉರಿಯೂತಕ್ಕೆ ಕಾರಣವಾಗಿದ್ದರೆ ಮಸೂರ ತೆಗೆದರಷ್ಟೇ ಕಣ್ಣು ತಣ್ಣಗಾಗುವುದು. ಅದನ್ನು ತಜ್ಞರು ತೀರ್ಮಾನಿಸುತ್ತಾರೆ.

ದಸರಾ, ಯುಗಾದಿಯ ಹಿಂದಿನ ವಾರ ಆಪರೇಷನ್ ದಿನ ಇಟ್ಟುಕೊಳ್ಳಬೇಡಿ. ಆಮೇಲಿನ ಮುಖ್ಯ ತಪಾಸಣೆಗಳು ಸರಿಯಾಗಿ ಒಪಿಡಿ ರಜೆಯ ಮೇಲೆ ಬೀಳುತ್ತವೆ.

ಹಂತ 4: ಅಳತೆ ಮತ್ತು ಪರೀಕ್ಷೆ

ಪೊರೆಯ ಹಿಂದೆ ಏನಿದೆ ಅಂತ ಬೆಳಕಿನಲ್ಲಿ ಕಾಣುವುದಿಲ್ಲ, ಅದಕ್ಕೆ ಬಿ-ಸ್ಕ್ಯಾನ್: ಬಸುರಿಯರಿಗೆ ಮಾಡುವಂಥದೇ ಅಲ್ಟ್ರಾಸೌಂಡ್, ರೆಪ್ಪೆಯ ಮೇಲೆ. ಅಕ್ಷಿಪಟ, ಅಂದರೆ ಕಣ್ಣಿನ ಹಿಂದಿನ ಪರದೆ, ಕಿತ್ತುಬಂದಿದೆಯೇ, ಒಳಗಿನ ಲೋಳೆ ಮಬ್ಬಾಗಿದೆಯೇ ಅಂತ ತಿಳಿಯುತ್ತದೆ. ಪೊರೆ ತೆಳುವಿದ್ದರೆ ಒಸಿಟಿ ಸ್ಕ್ಯಾನ್‌ನಲ್ಲಿ ಅಕ್ಷಿಪಟದ ನಡುಭಾಗ ಊದಿದೆಯೇ ನೋಡುತ್ತಾರೆ. ಕಣ್ಣಿನ ಒತ್ತಡ ಬಹಳ ಕಡಿಮೆ ಇದ್ದರೆ ಎಚ್ಚರ. ಕಣ್ಣೊಳಗೆ ನೀರು ತಯಾರಿಸುವ ಭಾಗವೇ ಸೊರಗಿರಬಹುದು. ಆಗ ಯುಬಿಎಂ ಅನ್ನುವ ಸೂಕ್ಷ್ಮ ಅಲ್ಟ್ರಾಸೌಂಡ್ ಬೇಕಾಗುತ್ತದೆ.

ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ ಮೇಲೆ, ಪಾಪೆಯ ಅಡ್ಡಕ್ಕೆ, ಸುಣ್ಣ ಬಳಿದ ಪಟ್ಟಿಯಂತೆ ಬಿಳಿ ಗೆರೆ ಕಂಡರೆ ಅದು ಕ್ಯಾಲ್ಸಿಯಂ. ಅದು ಪೊರೆಯಲ್ಲ. ದಟ್ಟವಾಗಿದ್ದರೆ ಇಡಿಟಿಎ ದ್ರಾವಣ ಹಚ್ಚಿ ಮೊದಲೇ ತೆಗೆದು, ಮೇಲ್ಮೈ ಮಾಯ್ದ ಮೇಲೆ ಲೆನ್ಸಿನ ಅಳತೆ ಮಾಡುವುದು ಸರಿ. ಇಲ್ಲವಾದರೆ ಅಳತೆ ತಪ್ಪುತ್ತದೆ. ಸಣ್ಣ ಮಕ್ಕಳಿಗೆ ಈ ಅಳತೆಗಳನ್ನು ಅರಿವಳಿಕೆ ಕೊಟ್ಟ ಮೇಲೆ ಮಾಡುತ್ತಾರೆ.

ಹಂತ 5: ಲೆನ್ಸ್ ಇಡಬೇಕೆ, ಬೇಡವೆ

ಹಿಂದೆ ಜೆಐಎ ಮಕ್ಕಳ ಕಣ್ಣಿಗೆ ಲೆನ್ಸ್ ಇಡಲೇಬಾರದು ಅನ್ನುತ್ತಿದ್ದರು. ಲೆನ್ಸಿನ ಸುತ್ತ ರೇಷ್ಮೆ ಗೂಡಿನ ಹಾಗೆ ಪದರ ಸುತ್ತಿಕೊಂಡು ಕೊನೆಗೆ ಲೆನ್ಸನ್ನೇ ತೆಗೆಯಬೇಕಾಗುತ್ತಿತ್ತು. ಮೆಥೊಟ್ರೆಕ್ಸೇಟ್, ಅಡಾಲಿಮುಮ್ಯಾಬ್ ಬಂದ ಮೇಲೆ ಆರಿಸಿದ ಮಕ್ಕಳಲ್ಲಿ ಲೆನ್ಸ್ ಇಟ್ಟು ಒಳ್ಳೆಯ ಫಲ ಬಂದಿದೆ. "ಆರಿಸಿದ" ಅನ್ನುವ ಮಾತು ಮುಖ್ಯ. ಕಣ್ಣು ತಿಂಗಳುಗಟ್ಟಲೆ ಶಾಂತವಾಗಿರಬೇಕು, ಒತ್ತಡ ಸರಿಯಿರಬೇಕು, ಮನೆಯವರು ಡ್ರಾಪ್ಸ್ ಮತ್ತು ತಪಾಸಣೆ ತಪ್ಪಿಸುವವರಾಗಿರಬಾರದು. ತೀರ ಸಣ್ಣ ಮಗುವಾದರೆ, ಒತ್ತಡ ಬಹಳ ಇಳಿದಿದ್ದರೆ, ಉರಿಯೂತ ಹಿಡಿತಕ್ಕೆ ಬಾರದಿದ್ದರೆ ಲೆನ್ಸ್ ಇಡದೆ ಬಿಡುವುದೇ ಕ್ಷೇಮ. ಲೆನ್ಸ್ ಇಡಲಿಲ್ಲ ಅಂದರೆ ಅರ್ಧ ಕೆಲಸ ಮಾಡಿದರು ಅಂತ ತಿಳಿಯಬೇಡಿ. ಕಣ್ಣು ಸ್ಥಿರವಾಗಿದ್ದರೆ ವರ್ಷಗಳ ನಂತರ ಎರಡನೆಯ ಸಲಕ್ಕೆ ಇಡಿಸುವ ದಾರಿ ತೆರೆದೇ ಇರುತ್ತದೆ.

ಇಟ್ಟರೆ ಪವರ್ ಎಷ್ಟು? ಮಗುವಿನ ಗುಡ್ಡೆ ಇನ್ನೂ ಬೆಳೆಯುತ್ತದೆ. ಇವತ್ತಿಗೆ ಸರಿಯಾದ ಪವರ್ ಇಟ್ಟರೆ ಹತ್ತು ವರ್ಷಕ್ಕೆ ಮೈನಸ್ ನಂಬರ್ ಬಹಳ ಏರುತ್ತದೆ. ಆದ್ದರಿಂದ ಎರಡರಿಂದ ಎಂಟು ವರ್ಷದ ಮಕ್ಕಳಿಗೆ ಸುಮಾರು 10% ಕಡಿಮೆ ಇಡುವುದು ಒಂದು ರೂಢಿ. ಲೆಕ್ಕದಲ್ಲಿ 25 ಬಂದರೆ 22.5 ಇಡುತ್ತಾರೆ, ಉಳಿದದ್ದನ್ನು ಕನ್ನಡಕ ತುಂಬುತ್ತದೆ. ಲೆನ್ಸ್ ಹಾಕಿಯೂ ಕನ್ನಡಕ ಯಾಕೆ ಅನ್ನುವವರಿಗೆ ಇದೇ ಉತ್ತರ.

ಲೆನ್ಸ್ ಇಡದಿದ್ದರೆ +10ರಿಂದ +20ರ ಆಸುಪಾಸಿನ ದಪ್ಪ ಕನ್ನಡಕ, ಇಲ್ಲವೇ ಕಾಂಟ್ಯಾಕ್ಟ್ ಲೆನ್ಸ್. ಒಂದೇ ಕಣ್ಣಿಗೆ ಆಪರೇಷನ್ ಆಗಿದ್ದರೆ ಅಷ್ಟು ದಪ್ಪ ಕನ್ನಡಕದಲ್ಲಿ ಎರಡು ಕಣ್ಣಿನ ಚಿತ್ರ ಹೊಂದುವುದಿಲ್ಲ, ಕಾಂಟ್ಯಾಕ್ಟ್ ಲೆನ್ಸ್ ಬೇಕೇ ಬೇಕು. ದಿನಾ ಸೋಪಿನಲ್ಲಿ ಕೈತೊಳೆದು ಲೆನ್ಸ್ ಹಾಕಿ ತೆಗೆಯಲು ಮನೆಯಲ್ಲಿ ಯಾರಿದ್ದಾರೆ ಅಂತ ಮೊದಲೇ ಯೋಚಿಸಿ, ಡಾಕ್ಟರಿಗೆ ಇದ್ದದ್ದು ಇದ್ದಂತೆ ಹೇಳಿ.

ಹಂತ 6: ಎಲ್ಲಿ, ಖರ್ಚು ಹೇಗೆ

ಮೊದಲ ತಪಾಸಣೆ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ಆಗಬಹುದು. ಬೆಂಗಳೂರಿನಲ್ಲಿ ಸರ್ಕಾರಿ ಮಿಂಟೊ ಕಣ್ಣಾಸ್ಪತ್ರೆ ಇದೆ. ಹೋದ ಕಡೆ ಈ ಮೂರನ್ನು ಕೇಳಿ: ಮಕ್ಕಳ ಯುವಿಯೈಟಿಸ್ ನೋಡುವವರು ಇದ್ದಾರೆಯೇ? ಮಕ್ಕಳಿಗೆ ಅರಿವಳಿಕೆ ಕೊಡುವ ಡಾಕ್ಟರು ಇದ್ದಾರೆಯೇ? ರಾತ್ರಿ ತೊಂದರೆಯಾದರೆ ಯಾರು ನೋಡುತ್ತಾರೆ? ಊರಿನ ಕಣ್ಣಿನ ಶಿಬಿರದಲ್ಲಿ ಈ ಆಪರೇಷನ್ ಮಾಡಿಸುವಂಥದ್ದಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30% ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಆಪರೇಷನ್‌ಗೆ ಎರಡು ವಾರ ಮುಂಚೆಯೇ ಕಾಣಿ. ರೇಷನ್ ಕಾರ್ಡು, ಮಗುವಿನ ಆಧಾರ್ ಒಯ್ಯಿರಿ. ಕಾರ್ಡಿನಲ್ಲಿ ಮಗುವಿನ ಹೆಸರೇ ಸೇರಿಲ್ಲ ಅನ್ನುವುದು ಕೊನೆ ಗಳಿಗೆಯಲ್ಲಿ ಗೊತ್ತಾಗುವುದು ಹೆಚ್ಚು. ಚುಚ್ಚುಮದ್ದಿನ ಖರ್ಚು ಇದರಲ್ಲಿ ಸೇರುತ್ತದೆಯೇ ಅಂತ ಬೇರೆಯಾಗಿ ಕೇಳಿ. ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆ ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ತಂಡದವರೂ ರೆಫರಲ್ ಮಾಡಿಸಿಕೊಡುತ್ತಾರೆ.

ಹಂತ 7: ಹಿಂದಿನ ವಾರ, ಹಿಂದಿನ ರಾತ್ರಿ

ಕಣ್ಣು ಶಾಂತವಾಗಿದ್ದರೂ ಆಪರೇಷನ್ ಏಟಿಗೆ ಉರಿಯೂತ ಏಳುತ್ತದೆ. ಅದಕ್ಕೆ ಮುಂಚೆಯೇ ತಡೆ ಹಾಕುತ್ತಾರೆ: ಸ್ಟಿರಾಯ್ಡ್ ಹನಿಯ ಸಂಖ್ಯೆ ಹೆಚ್ಚಿಸುತ್ತಾರೆ, ಎರಡು ಮೂರು ದಿನ ಅಥವಾ ಅದಕ್ಕೂ ಮೊದಲಿನಿಂದ ಬಾಯಿಗೆ ಪ್ರೆಡ್ನಿಸೊಲೋನ್, ಕೆ.ಜಿ.ಗೆ 0.5ರಿಂದ 1 ಮಿ.ಗ್ರಾಂ. ಕೊಡುತ್ತಾರೆ. ಕೆಲವರು ಆಪರೇಷನ್ ದಿನ ರಕ್ತನಾಳದ ಮೂಲಕ ಕೊಡುತ್ತಾರೆ. 16 ಕೆ.ಜಿ. ಮಗುವಿಗೆ ಕೆ.ಜಿ.ಗೆ 1 ಮಿ.ಗ್ರಾಂ. ಅಂದರೆ ದಿನಕ್ಕೆ 16 ಮಿ.ಗ್ರಾಂ. ಸಿರಪ್ ಎರಡು ಬಲದಲ್ಲಿ ಸಿಗುತ್ತದೆ: 5 ಮಿ.ಲೀ.ಗೆ 5 ಮಿ.ಗ್ರಾಂ., ಮತ್ತು 5 ಮಿ.ಲೀ.ಗೆ 15 ಮಿ.ಗ್ರಾಂ. ಅಂಗಡಿಯವರು ಬಾಟಲಿ ಬದಲಿಸಿ ಕೊಟ್ಟರೆ ಮೂರು ಪಟ್ಟು ಹೆಚ್ಚೋ ಮೂರರಲ್ಲೊಂದು ಪಾಲೋ ಆಗಿಬಿಡುತ್ತದೆ. ಚೀಟಿಯಲ್ಲಿ ಮಿ.ಲೀ. ಜೊತೆಗೆ ಮಿ.ಗ್ರಾಂ. ಕೂಡ ಬರೆಸಿಕೊಳ್ಳಿ.

ಮೆಥೊಟ್ರೆಕ್ಸೇಟ್, ಅಡಾಲಿಮುಮ್ಯಾಬ್ ಎರಡನ್ನೂ ಆಪರೇಷನ್ ಅಂತ ನೀವಾಗಿ ನಿಲ್ಲಿಸಬೇಡಿ. ಚುಚ್ಚುಮದ್ದಿನ ದಿನ ಹಿಂದೆಮುಂದೆ ಮಾಡುವುದಿದ್ದರೆ ಡಾಕ್ಟರೇ ಹೇಳುತ್ತಾರೆ.

ಅರಿವಳಿಕೆ ಡಾಕ್ಟರಿಗೆ ಎರಡು ವಿಷಯ ತಪ್ಪದೆ ಹೇಳಿ. ಕೀಲುವಾತ ಕತ್ತು, ದವಡೆಗೂ ಬಂದಿರಬಹುದು. ಮಗುವಿಗೆ ಬಾಯಿ ಪೂರ್ತಿ ತೆರೆಯಲು ಆಗುತ್ತದೆಯೇ, ತಲೆ ಹಿಂದಕ್ಕೆ ಬಾಗುತ್ತದೆಯೇ ಅಂತ ಮನೆಯಲ್ಲೇ ನೋಡಿಕೊಂಡು ಹೋಗಿ. ಉಸಿರಿನ ಕೊಳವೆ ಹಾಕುವಾಗ ಇದು ಬಹಳ ಮುಖ್ಯ. ಎರಡನೆಯದು, ಬಾಯಿಗೆ ಸ್ಟಿರಾಯ್ಡ್ ಎಷ್ಟು ದಿನದಿಂದ ಕೊಡುತ್ತಿದ್ದೀರಿ. ಬಹುದಿನ ಕೊಟ್ಟ ಮಗುವಿನ ಮೈ ತಾನಾಗಿ ಸ್ಟಿರಾಯ್ಡ್ ಹಾರ್ಮೋನ್ ತಯಾರಿಸುವುದನ್ನು ತಗ್ಗಿಸಿರುತ್ತದೆ, ಆಪರೇಷನ್ ವೇಳೆಗೆ ಹೆಚ್ಚಿನ ಡೋಸ್ ಬೇಕಾಗಬಹುದು.

ಉಪವಾಸ: ಅನ್ನ, ಬಿಸ್ಕತ್ತು, ಹಸುವಿನ ಹಾಲು ಆರು ಗಂಟೆ ಮುಂಚೆ ನಿಲ್ಲಬೇಕು. ಎದೆಹಾಲು ನಾಲ್ಕು ಗಂಟೆ, ಬರೀ ನೀರು ಎರಡು ಗಂಟೆ. ಹಾಲು ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಪಾಪ, ಮಗು ಅಳುತ್ತಿದೆ ಅಂತ ಒಂದು ಗುಟುಕು ಹಾಲು ಕೊಟ್ಟರೆ ಅರಿವಳಿಕೆಯಲ್ಲಿ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಕೊಟ್ಟುಬಿಟ್ಟಿದ್ದರೆ ಮುಚ್ಚಿಡದೆ ಹೇಳಿ. ಆಪರೇಷನ್ ಮುಂದೆ ಹೋದರೆ ಹೋಗಲಿ. ನೆಗಡಿ, ಕೆಮ್ಮು, ಜ್ವರ ಇದ್ದರೂ ಹಾಗೆಯೇ.

ಹಂತ 8: ಒಳಗೆ ಏನು ಮಾಡುತ್ತಾರೆ

ಕಣ್ಣನ್ನು 5% ಪೊವಿಡೋನ್ ಅಯೊಡಿನ್‌ನಿಂದ ತೊಳೆದು, ಅಂಚಿನಲ್ಲಿ ಎರಡು ಮೂರು ಮಿ.ಮೀ. ಗಾಯ ಮಾಡಿ, ಅಂಟಿರುವ ಪಾಪೆಯ ಅಂಚನ್ನು ಬಿಡಿಸುತ್ತಾರೆ. ಮಸೂರದ ಚೀಲದ ಮುಂಭಾಗಕ್ಕೆ ನೀಲಿ ಬಣ್ಣ ಹಚ್ಚಿ ಸುಮಾರು 5 ಮಿ.ಮೀ. ವೃತ್ತ ತೆಗೆದು, ಮಂಜಾದ ತಿರುಳನ್ನು ಹೀರುತ್ತಾರೆ. ಮಕ್ಕಳಲ್ಲಿ ಚೀಲದ ಹಿಂಭಾಗ ಬಹಳ ಬೇಗ ಮತ್ತೆ ಮಂಜಾಗುವುದರಿಂದ ಸಣ್ಣ ಮಕ್ಕಳಿಗೆ ಅಲ್ಲೂ ಕಿಂಡಿ ಮಾಡಿ ಹಿಂದಿನ ಲೋಳೆಯನ್ನು ಸ್ವಲ್ಪ ತೆಗೆಯುತ್ತಾರೆ. ಲೆನ್ಸ್ ಇಡುವುದಾದರೆ ಚೀಲದೊಳಗೇ ಇಡುತ್ತಾರೆ. ಕಣ್ಣೊಳಗೆ ಸ್ಟಿರಾಯ್ಡ್ ಬಿಟ್ಟು, ಗಾಯಕ್ಕೆ ಕೂದಲಿಗಿಂತ ತೆಳುವಾದ ಹೊಲಿಗೆ ಹಾಕುತ್ತಾರೆ. ದೊಡ್ಡವರಿಗೆ ಹೊಲಿಗೆ ಬೇಡದಿರಬಹುದು, ಮಕ್ಕಳು ಕಣ್ಣು ಉಜ್ಜುತ್ತಾರೆ. ಲೆನ್ಸ್ ಇಟ್ಟಿದ್ದರೆ ಅದರ ಹೆಸರು, ಪವರ್ ಇರುವ ಸ್ಟಿಕರ್ ಕೇಳಿ ಪಡೆದು ಫೈಲಿಗೆ ಅಂಟಿಸಿ.

ಹಂತ 9: ಮೊದಲ ಆರು ವಾರ

ಮೊದಲ ದಿನಗಳಲ್ಲಿ ಸ್ಟಿರಾಯ್ಡ್ ಹನಿ ಎಚ್ಚರವಿರುವಾಗ ಗಂಟೆಗೊಮ್ಮೆ. ಬೆಳಗ್ಗೆ 7ರಿಂದ ರಾತ್ರಿ 9ರವರೆಗೆ ಅಂದರೆ 15 ಹನಿ. 5 ಮಿ.ಲೀ. ಬಾಟಲಿಯಲ್ಲಿ ಸುಮಾರು ನೂರು ಹನಿ; ಮಗು ತಲೆ ಆಡಿಸಿ ಕೆನ್ನೆಗೆ ಬೀಳುವುದನ್ನೂ ಸೇರಿಸಿದರೆ ವಾರದೊಳಗೆ ಖಾಲಿ. ಎರಡನೆಯ ಬಾಟಲಿಯನ್ನು ಮನೆಗೆ ಹೊರಡುವ ದಿನವೇ ಕೊಳ್ಳಿ, ಹಳ್ಳಿಯ ಔಷಧಿ ಅಂಗಡಿಯಲ್ಲಿ ಅದು ಇಲ್ಲದಿರಬಹುದು. ಜೊತೆಗೆ ಪಾಪೆ ಹಿಗ್ಗಿಸುವ ಹನಿ ಮತ್ತು ಆಂಟಿಬಯಾಟಿಕ್ ಹನಿ.

ಹಾಕುವ ಬಗೆ: ಕೈ ತೊಳೆಯಿರಿ, ಬಾಟಲಿ ಕುಲುಕಿ. ಮಗುವನ್ನು ಮಲಗಿಸಿ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆದು, ಆ ತೊಟ್ಟಿಲಿನಂಥ ಜಾಗಕ್ಕೆ ಒಂದೇ ಹನಿ. ಬಾಟಲಿಯ ಮೂತಿ ರೆಪ್ಪೆಗೂ ತಾಗಬಾರದು. ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯನ್ನು ಒಂದು ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಿರಿ. ಔಷಧಿ ಮೂಗು ಗಂಟಲಿಗೆ ಇಳಿಯುವುದು ತಪ್ಪುತ್ತದೆ. ಗುಡ್ಡೆಯನ್ನು ಮಾತ್ರ ಒತ್ತಬೇಡಿ. ಎರಡು ಔಷಧಿಗಳ ನಡುವೆ ಐದು ನಿಮಿಷ ಬಿಡಿ. ಮಗು ಬಿಗಿಯಾಗಿ ಕಣ್ಣು ಮುಚ್ಚಿಕೊಂಡರೆ ಒಳಮೂಲೆಗೆ ಹನಿ ಬಿಟ್ಟು ಕಾಯಿರಿ, ತೆರೆದಾಗ ತಾನೇ ಇಳಿಯುತ್ತದೆ. ತೆರೆದ ಬಾಟಲಿಯನ್ನು ಒಂದು ತಿಂಗಳ ಮೇಲೆ ಬಳಸಬೇಡಿ.

ತಪಾಸಣೆ ಮರುದಿನ, ವಾರದೊಳಗೆ ಮತ್ತೊಮ್ಮೆ, ಎರಡನೆಯ ವಾರ, ತಿಂಗಳು, ಆರು ವಾರ. ಕಣ್ಣು ನೋಡಿ ಇದಕ್ಕಿಂತ ಹೆಚ್ಚೂ ಆಗಬಹುದು. ಮಳವಳ್ಳಿ, ಪಾಂಡವಪುರದ ಹಳ್ಳಿಗಳಿಂದ ಬರುವವರು ಮೊದಲ ವಾರ ಆಸ್ಪತ್ರೆ ಇರುವ ಊರಲ್ಲೇ ನೆಂಟರ ಮನೆಯಲ್ಲಿ ಉಳಿಯುವುದು ಒಳ್ಳೆಯದು. ಎಲ್ಲ ಚೆನ್ನಾಗಿ ಕಂಡರೂ ಎರಡನೆಯ ವಾರದಿಂದ ನಾಲ್ಕನೆಯ ವಾರದ ಭೇಟಿಯನ್ನು ತಪ್ಪಿಸಲೇಬಾರದು. ಸ್ಟಿರಾಯ್ಡ್‌ನಿಂದ ಕಣ್ಣಿನ ಒತ್ತಡ ಏರುವುದು ಹೆಚ್ಚಾಗಿ ಆಗಲೇ, ಮಗುವಿಗೆ ಗೊತ್ತೂ ಆಗುವುದಿಲ್ಲ. ಬಾಯಿಯ ಸ್ಟಿರಾಯ್ಡನ್ನು ನಾಲ್ಕಾರು ವಾರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಥಟ್ಟನೆ ನಿಲ್ಲಿಸಿದರೆ ಕಣ್ಣಿಗಷ್ಟೇ ಅಲ್ಲ, ಮೈಗೂ ಅಪಾಯ.

ಒಂದು ತಿಂಗಳು ನಾಲೆ, ಕೆರೆ, ಈಜುಕೊಳ ಬೇಡ. ತಲೆಗೆ ನೀರು ಹಾಕುವಾಗ ಹಿಂದಕ್ಕೆ ಬಾಗಿಸಿ. ಆಲೆಮನೆಯ ಹೊಗೆ, ಕಬ್ಬಿನ ಗದ್ದೆಯಿಂದ ದೂರ ಇಡಿ. ಕಬ್ಬಿನ ಗರಿ ಗರಗಸದ ಹಾಗೆ ಕೊಯ್ಯುತ್ತದೆ. ರಾತ್ರಿ ಪ್ಲಾಸ್ಟಿಕ್ ಕವಚ ಕಟ್ಟಿ ಮಲಗಿಸಿ. ಕಾಡಿಗೆ ಬೇಡ.

ಇವು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ: ನೋವು ಹೆಚ್ಚುತ್ತಿರುವುದು, ಕೆಂಪು ಏರುತ್ತಿರುವುದು, ಪಾಪೆಯ ಕೆಳಗೆ ಬಿಳಿ ಗೆರೆ ಕೂತಂತೆ ಕಾಣುವುದು, ಕೀವು, ಇದ್ದ ನೋಟ ಕುಗ್ಗುವುದು, ತಲೆನೋವಿನ ಜೊತೆ ವಾಂತಿ, ಬೆಳಕಿಗೆ ಮುಖ ತಿರುಗಿಸಿಕೊಳ್ಳುವುದು. ಮೊದಲ ವಾರದ ಸೋಂಕು ಗಂಟೆಗಳ ಲೆಕ್ಕದಲ್ಲಿ ಕಣ್ಣು ಕಳೆಯುತ್ತದೆ.

ಹಂತ 10: ಕನ್ನಡಕ, ಪಟ್ಟಿ

ನಾಲ್ಕರಿಂದ ಆರು ವಾರಕ್ಕೆ ಕನ್ನಡಕ; ಲೆನ್ಸ್ ಇಡದ ಕಣ್ಣಿಗೆ ಇನ್ನೂ ಬೇಗ. ಸ್ವಂತ ಮಸೂರ ಹೋದ ಮೇಲೆ ಹತ್ತಿರ, ದೂರ ಅಂತ ಹೊಂದಿಸಿಕೊಳ್ಳುವ ಶಕ್ತಿ ಕಣ್ಣಿಗಿಲ್ಲ, ಆದ್ದರಿಂದ ಶಾಲೆಗೆ ಹೋಗುವ ಮಗುವಿಗೆ ಬೈಫೋಕಲ್ ಬೇಕು, ಅಂದರೆ ಮೇಲೆ ದೂರಕ್ಕೆ, ಕೆಳಗೆ ಹತ್ತಿರಕ್ಕೆ ಅಂತ ಎರಡು ನಂಬರ್ ಇರುವ ಕನ್ನಡಕ. ಕೆಳಗಿನ ಭಾಗದ ಗೆರೆ ಪಾಪೆಯ ಮಟ್ಟಕ್ಕೇ ಬರಲಿ. ದೊಡ್ಡವರಿಗೆ ಮಾಡುವ ಹಾಗೆ ಕೆಳಗೆ ಇಳಿಸಿದರೆ ಮಗು ಅದರ ಮೂಲಕ ನೋಡುವುದೇ ಇಲ್ಲ. ಅಂಗಡಿಯವರಿಗೆ ಚೀಟಿಯಲ್ಲೇ ಬರೆಸಿ ಕೊಡಿ.

ಸೋಮಾರಿ ಕಣ್ಣಿಗೆ ಒಳ್ಳೆಯ ಕಣ್ಣನ್ನು ಪಟ್ಟಿಯಿಂದ ಮುಚ್ಚುತ್ತಾರೆ, ಸಾಧಾರಣ ಮಟ್ಟಕ್ಕೆ ದಿನಕ್ಕೆ ಎರಡು ಗಂಟೆ, ತೀವ್ರವಾಗಿದ್ದರೆ ಆರು ಗಂಟೆ. ಪಟ್ಟಿಯನ್ನು ಚರ್ಮಕ್ಕೇ ಅಂಟಿಸಿ. ಕನ್ನಡಕದ ಮೇಲೆ ಅಂಟಿಸಿದರೆ ಸಂದಿಯಿಂದ ಇಣುಕುತ್ತವೆ ಮಕ್ಕಳು. ಮೇಷ್ಟ್ರಿಗೆ ಹೇಳಿ ಮುಂದಿನ ಬೆಂಚು ಕೊಡಿಸಿ.

ಹಂತ 11: ಆಮೇಲೆ

ಗ್ಲಾಕೋಮಾ, ಅಂದರೆ ಒತ್ತಡದಿಂದ ಕಣ್ಣಿನ ನರ ಸಾಯುವುದು, ಆಪರೇಷನ್ ಆಗಿ ವರ್ಷಗಳ ಮೇಲೂ ಬರಬಹುದು. ಲೆನ್ಸ್ ಮುಂದೆ ಮತ್ತೆ ಪದರ ಕಟ್ಟಬಹುದು, ಅಕ್ಷಿಪಟದ ನಡುಭಾಗ ಊದಬಹುದು. ಆದ್ದರಿಂದ ಕಣ್ಣು ಶಾಂತವಾಗಿದ್ದಾಗಲೂ ಮೂರು ತಿಂಗಳಿಗೊಮ್ಮೆ ಸ್ಲಿಟ್ ಲ್ಯಾಂಪ್, ಒತ್ತಡ, ಕನ್ನಡಕದ ನಂಬರ್ ಮೂರೂ ಆಗಲಿ. ಮೆಥೊಟ್ರೆಕ್ಸೇಟ್ ಅಥವಾ ಚುಚ್ಚುಮದ್ದನ್ನು ಇಳಿಸುವ ಮಾತು ಬರುವುದು ಕಣ್ಣು ಕನಿಷ್ಠ ಎರಡು ವರ್ಷ ಶಾಂತವಾಗಿದ್ದ ಮೇಲೆ. ಇಳಿಸಿದ ಎರಡು ತಿಂಗಳೊಳಗೆ ಮತ್ತೆ ತೋರಿಸಬೇಕು. ಡ್ರಾಪ್ಸ್ ಇಳಿಸಿದ್ದರೆ ತಿಂಗಳೊಳಗೆ. ಪ್ರತಿ ಸಲ ಆಪರೇಷನ್ ಆಗದ ಕಣ್ಣನ್ನೂ ಅಷ್ಟೇ ಹೊತ್ತು ನೋಡಿಸಿ, ಅದರ ಸೆಲ್ ಗ್ರೇಡನ್ನೂ ಫೈಲಿನ ಮೊದಲ ಪುಟದಲ್ಲಿ ಬರೆಯಿರಿ.